ಗುರಿ ಇದೆ, ಗುರು ಎಲ್ಲಿ?

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ನಡೆದುಕೊಂಡೇ ಬೆಂಗಳೂರಿಗೆ ಹೊರಟ. ಬಸ್ ಚಾರ್ಜಿಗೆ ಕಾಸಿರಲಿಲ್ಲ. ಹಿಂದಿನ ಶಾಲೆಯ ಹೆಡ್‌ಮೇಷ್ಟ್ರು ಅಲ್ಲಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾರೆ ಎಂಬುದೊಂದೇ ಧೈರ್ಯ. ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ.

ಇವತ್ತು ಜಾಣ ಬಡ ಮಕ್ಕಳಿಗೆ ಕಾಸೇನೋ ಉಂಟು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನವರಿಗೆಂದು ಕೇಂದ್ರ ಸರ್ಕಾರ 2008ರಲ್ಲಿ ತಂದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000!

ದುಡ್ಡು ಬ್ಯಾಂಕಿಗೆ ಬರುತ್ತೆ, ಸರಿ. ಪಿಯುಸಿಯಲ್ಲಿ ಯಾವ ವಿಷಯ ತಗೋಬೇಕು, ಇಂಗ್ಲಿಷ್ ಪಾಠ ತಲೆಗೆ ಹತ್ತದಿದ್ದರೆ ಯಾರನ್ನು ಕೇಳಬೇಕು? ಇದನ್ನು ಬ್ಯಾಂಕಿನವರು ಹೇಳುತ್ತಾರೆಯೇ? ಅನುಕೂಲಸ್ಥರ ಮಕ್ಕಳಿಗೆ ಟ್ಯೂಷನ್ನುಂಟು, ಇಂಜಿನಿಯರ್ ಚಿಕ್ಕಪ್ಪನುಂಟು. ಕೂಲಿಯವನ ಮಗಳಿಗೆ ಯಾರುಂಟು?

ಇದಕ್ಕೆ ಉದ್ಘಾಟನೆ, ಹಾರ ತುರಾಯಿ ಬೇಡ. ರಿಟೈರಾದ ಮೇಷ್ಟ್ರುಗಳು ಊರೂರಿಗೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಮಗುವಿಗೆ ಭಾನುವಾರ ಎರಡು ಗಂಟೆ ಕೊಡಲಿ. ಆಯ್ಕೆಯಾದ ಮಕ್ಕಳ ಪಟ್ಟಿಯನ್ನು ಶಾಲೆಯವರು ಬೀರುವಿನಲ್ಲಿಡದೆ ಇಂಥವರ ಕೈಗೆ ಮುಟ್ಟಿಸಲಿ. ಅಂಗಡಿ ಮಾಲೀಕರು ಖಾಲಿ ಬಿದ್ದಿರುವ ಮಹಡಿ ಕೋಣೆ ಬಿಟ್ಟುಕೊಡಲಿ.

ಅಂದಿನ ಹುಡುಗ ಗುರುವನ್ನು ಹುಡುಕಿಕೊಂಡು ಅಷ್ಟು ದೂರ ನಡೆದ. ಎಲ್ಲ ಮಕ್ಕಳೂ ಹಾಗೆ ನಡೆಯಲಾರರು. ಈಗ ಗುರುವೇ ನಾಲ್ಕು ಹೆಜ್ಜೆ ನಡೆದು ಬರಲಿ.