ನಕ್ಷತ್ರದ ಕುಲಗೋತ್ರ
ಈ ವಾರ ರಾಮದುರ್ಗ ಸೀಮೆಯ ಸಾಲಹಳ್ಳಿಯಲ್ಲಿ ವಿದ್ಯುತ್ತು ಹೋದ ರಾತ್ರಿ ಹೊಲಗಳ ಮೇಲೆ ನಿಚ್ಚಳವಾಗಿ ಮೂಡಿದ ಸಪ್ತರ್ಷಿಮಂಡಲವನ್ನು ಕಂಡೊಡನೆ, ಅದರ ವಸಿಷ್ಠ, ಮರೀಚಿ ತಾರೆಗಳ ಸನಿಹದಲ್ಲಿ, ಸುಮಾರು 2 ಕೋಟಿ ಜ್ಯೋತಿರ್ವರ್ಷಗಳಾಚೆಯ ಎಂ 101 ಗ್ಯಾಲಕ್ಸಿಯಲ್ಲಿ, ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿಯವರು 2023ರ ಮೇ 19ರಂದು ಕಂಡುಹಿಡಿದ ಸೂಪರ್‌ನೋವಾ (ಸಿಡಿದ ತಾರೆ) ನನ್ನ ಸ್ಮರಣೆಗೆ ಬಂದಿತು. ಕಂಡವರಿಗೆ ಕೀರ್ತಿ ಸಲ್ಲುವುದು ನ್ಯಾಯವೇ. ಆದರೆ ಕಾಣುವುದು ಕಾರ್ಯದ ಅರ್ಧಮಾತ್ರ. ಊರಿಗೆ ಬಂದ ಅಪರಿಚಿತನನ್ನು ನಮ್ಮ ಹಿರಿಯರು ‘ಯಾವೂರು, ಯಾರ ಪೈಕಿ?’ ಎಂದು ವಿಚಾರಿಸುವಂತೆ, ಆ ಬೆಳಕನ್ನು ವರ್ಣಪಟಲವಾಗಿ ಬಿಡಿಸಿ ಅದರ ಕುಲವನ್ನು ಕೇಳಬೇಕಾಗುತ್ತದೆ: ಜಲಜನಕದ ರೇಖೆಗಳಿದ್ದರೆ ಎರಡನೆಯ ವರ್ಗ, ಅವಿಲ್ಲದೆ 6150 ಆಂಗ್‌ಸ್ಟ್ರಾಮ್ ಬಳಿ ಸಿಲಿಕಾನಿನ ತಗ್ಗು ತೋರಿದರೆ, ಶ್ವೇತಕುಬ್ಜವು ಸಿಡಿದ ಒಂದು-ಎ ವರ್ಗ. ಇಟಗಾಕಿಯವರು ಕಂಡದ್ದು ಎರಡನೆಯ ವರ್ಗದ್ದು, ಬೃಹತ್ತಾರೆಯೊಂದರ ತಿರುಳು ಕುಸಿದದ್ದು. ಮೊದಲ ದಿನಗಳಲ್ಲಿ ಮೂಡಿ ಸುಮಾರು ವಾರದೊಳಗೆ ಅಳಿದ ಕಿರಿದಾದ ರೇಖೆಗಳಂತೂ, ಮರಣಪೂರ್ವದಲ್ಲಿ ಆ ತಾರೆಯು ತಾನೇ ಹೊರಚೆಲ್ಲಿದ್ದ ಅನಿಲಕ್ಕೆ ಸಾಕ್ಷಿ ನುಡಿದುವು. ಆ ರೇಖೆಗಳನ್ನು ಹಿಡಿದವುಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ, 2 ಮೀಟರ್ ದರ್ಪಣದ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಅದನ್ನು ಉಪಗ್ರಹ ಸಂಪರ್ಕದಿಂದ ನಡೆಸುವ ಕೇಂದ್ರವು ಬೆಂಗಳೂರಿನ ಬಳಿಯ ನಮ್ಮ ಹೊಸಕೋಟೆಯಲ್ಲಿದೆ. ರಾಮದುರ್ಗ ಸೀಮೆಯ ಶಿಕ್ಷಕರು ಮಕ್ಕಳಿಗೆ ಸಪ್ತರ್ಷಿಗಳನ್ನು ತೋರಿಸುವಾಗ ಹೊಸಕೋಟೆಯ ಹೆಸರನ್ನೂ ಹೇಳಲಿ, ಬೆಳಕನ್ನು ಬಿಡಿಸಿ ನೋಡಲು ಒಂದು ಪಟ್ಟಕವನ್ನೂ ಅವರ ಕೈಗೆ ಕೊಡಲಿ.