ಗಣಿಗೋಪುರಗಳ ಛಾಯಾಚಿತ್ರ

ನವೀನ ಮಾದರಿಯ ಕಟ್ಟಡಗಳನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿಯುವ ಅಭಿರುಚಿಯು ನಮ್ಮ ತರುಣರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಬೆಂಗಳೂರಿನಲ್ಲಿ ಬಾಲಕೃಷ್ಣ ದೋಶಿಯವರು ರಚಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಕಲ್ಲುಗೋಡೆಗಳೂ ಗಾರೆ ಮೆತ್ತದ ಕಾಂಕ್ರೀಟಿನ ತೊಲೆಗಳೂ ಎಷ್ಟೋ ಕ್ಯಾಮೆರಾಗಳಿಗೆ ವಸ್ತುವಾಗಿವೆ. ಆದರೆ ಅಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಆಂಡರ್ಸನ್‌ಪೇಟೆಯ ನೆರೆಯ ಚಾಂಪಿಯನ್ ರೀಫ್ ಮೊದಲಾದ ಕಡೆಗಳಲ್ಲಿ ಗಣಿಬಾಯಿಗಳ ಮೇಲೆ ಎತ್ತಿದ ಉಕ್ಕಿನ ಗೋಪುರಗಳಿಗೆ ಅಷ್ಟು ಆದರವು ದೊರೆತಿಲ್ಲವೆಂಬುದು ವಿಷಾದಕರ.

ನವೀನ ವಾಸ್ತುವಿದ್ಯೆಯ ಸೂತ್ರವಾದರೂ ಏನು? ಆಕಾರವು ಕೆಲಸಕ್ಕೆ ತಕ್ಕುದಾಗಿರಬೇಕು. ಹೊರೆ ಹೊರುವ ಅಂಗಗಳು ಮರೆಯಿಲ್ಲದೆ ಕಾಣಬೇಕು. ಬರಿಯ ಶೃಂಗಾರಕ್ಕೆಂದು ಏನೂ ಇರಕೂಡದು. ಗಣಿಗೋಪುರವು ಇದಕ್ಕೆ ಶುದ್ಧವಾದ ನಿದರ್ಶನ. ತುದಿಯ ರಾಟೆಯ ಮೇಲೆ ಉಕ್ಕಿನ ಹಗ್ಗವು ಹಾಯುವುದು. ಅದರ ಸೆಳೆತವನ್ನು ತಡೆಯಲು ಓರೆಯಾದ ಕಾಲುಗಳು ನಿಲ್ಲುವುವು. ಮೂರು ಕಿಲೋಮೀಟರಿಗೂ ಮಿಕ್ಕಿ ಆಳವಾದ ಚಾಂಪಿಯನ್ ರೀಫ್ ಗಣಿಗೆ ಆಳುಗಳು ಇಳಿದುದು ಇಂತಹ ರಾಟೆಗಳನ್ನು ನಂಬಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದೂ ಈ ಗಣಿಗಳಿಗೇ.

ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಗಳು ಇಂತಹ ಗೋಪುರಗಳನ್ನೇ ದಶಕಗಳ ಕಾಲ ಒಂದೇ ಕ್ರಮದಲ್ಲಿ ಚಿತ್ರಿಸಿ, ಸಾಲುಸಾಲಾಗಿ ಜೋಡಿಸಿ, ಜಗತ್ತು ಅವುಗಳನ್ನು ಹೊಸ ಕಣ್ಣಿನಿಂದ ನೋಡುವಂತೆ ಮಾಡಿದರು. ಆ ದೇಶದ ಎಸ್ಸೆನ್ ನಗರದ ತ್ಸೋಲ್‌ಫೆರೈನ್ ಗಣಿಯು 1986ರಲ್ಲಿ ಮುಚ್ಚಿತು. 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೋಲಾರದ ಚಿನ್ನದ ಗಣಿಗಳು ಮುಚ್ಚಿದುದು ಅದೇ 2001ರ ಫೆಬ್ರವರಿ 28ರಂದು. ಒಂದೇ ವರ್ಷದಲ್ಲಿ ಅಲ್ಲಿ ಗೌರವ, ಇಲ್ಲಿ ತುಕ್ಕು!

ಊರಿನ ಸಾವಿರಾರು ಮಂದಿ ದುಡಿಮೆಗಾಗಿ ದಿನವೂ ಬೆಂಗಳೂರಿನ ರೈಲು ಹತ್ತುತ್ತಿರುವಾಗ ಚಿತ್ರಗಳ ಮಾತೇಕೆ ಎಂದು ಕೇಳುವವರುಂಟು. ಆಕ್ಷೇಪಣೆಯು ನ್ಯಾಯವಾದುದೇ. ಚಿತ್ರವು ಅನ್ನವನ್ನು ಕೊಡಲಾರದು. ಆದರೆ ಆ ಜನರ ಹಿರಿಯರು ನಾಡಿಗೆ ಏನನ್ನು ಎತ್ತಿಕೊಟ್ಟರೆಂಬುದಕ್ಕೆ ಸಾಕ್ಷಿಯೇ ಅಳಿದ ಮೇಲೆ, ಅವರ ಹಕ್ಕಿನ ಮಾತಿಗೆ ಆಧಾರವೆಲ್ಲಿ? ಆದುದರಿಂದ ಗೋಪುರವನ್ನು ಮಾತ್ರವೇ ಚಿತ್ರಿಸಿದರೆ ಸಾಲದು. ದೊರೆಗಳ ಬಂಗಲೆಯನ್ನೂ ಕೂಲಿಗಳ ಇಕ್ಕಟ್ಟಾದ ಲೈನು ಮನೆಗಳನ್ನೂ ಒಟ್ಟಿಗೆ ತೋರಿಸತಕ್ಕದ್ದು.

ದೆಹಲಿಯಲ್ಲಿ 1972ರಲ್ಲಿ ಎದ್ದ ಹಾಲ್ ಆಫ್ ನೇಷನ್ಸ್ ಎಂಬ ಕಾಂಕ್ರೀಟಿನ ಭವನವು 2017ರಲ್ಲಿ ನೆಲಸಮವಾಯಿತು. ಈಗ ಅದನ್ನು ಚಿತ್ರಗಳಲ್ಲಿ ಮಾತ್ರ ನೋಡಬೇಕು. ಆ ಗತಿಯು ಇಲ್ಲಿಗೂ ಬಾರದಂತೆ ಗೋಪುರಗಳನ್ನು ಉಳಿಸುವುದು ಸರ್ಕಾರದ ಹೊಣೆ. ಅಲ್ಲಿಯವರೆಗೆ ಕ್ರಮಬದ್ಧವಾಗಿ ಚಿತ್ರ ತೆಗೆಯಲು ಅಧಿಕಾರಿಗಳು ಧಾರಾಳವಾಗಿ ಅಪ್ಪಣೆ ಕೊಡಲಿ. ಪ್ರತಿಯೊಂದು ಚಿತ್ರದ ಕೆಳಗೆ ಗಣಿಯ ಹೆಸರು, ಆಳ, ತಾರೀಖುಗಳನ್ನು ಬರೆದು, ವೃದ್ಧ ಗಣಿಗಾರರ ವಿವರಣೆಯೊಡನೆ ಊರಿನ ಗ್ರಂಥಾಲಯದಲ್ಲಿಯೂ ರಾಜ್ಯದ ಪತ್ರಾಗಾರದಲ್ಲಿಯೂ ಇಡತಕ್ಕದ್ದು. ಇಳಿದವರು ಇನ್ನೂ ನಮ್ಮೊಡನಿದ್ದಾರೆ. ಅವರು ಹೇಳಬಲ್ಲ ಕಾಲದಲ್ಲಿಯೇ ಈ ಕಾರ್ಯವು ನಡೆಯಬೇಕು.