ಬೇಸಿಗೆ ಬಂತು, ಟೈರ್ ವಯಸ್ಸು ನೋಡಿದ್ರಾ?

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಬೇಸಿಗೆಯ ತಾಪ 45 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತ ಹೆಚ್ಚು ಕಾದಿರುತ್ತದೆ. ಗಾಳಿ ಕಡಿಮೆಯಿರುವ ಹಳೇ ಟೈರ್ ಹೈವೇಯಲ್ಲಿ ಒಡೆಯೋದು ಇಂಥ ಹೊತ್ತಲ್ಲೇ.

ಯುಎಇಯಲ್ಲಿ ಸವೆದ, ಅವಧಿ ಮುಗಿದ ಟೈರಿಗೆ 500 ದಿರ್ಹಮ್ ದಂಡ, 4 ಬ್ಲ್ಯಾಕ್ ಪಾಯಿಂಟ್, ಒಂದು ವಾರ ಗಾಡಿ ಜಪ್ತಿ. ದಂಡ ಹೇಗೋ ಕಟ್ಟಬಹುದು. ಆದರೆ ಪಾಯಿಂಟ್ 24 ಮುಟ್ಟಿದರೆ ಲೈಸೆನ್ಸೇ ಅಮಾನತು. ಡ್ರೈವಿಂಗನ್ನೇ ನಂಬಿ ಬಂದ ನಮ್ಮವರಿಗೆ ಅದು ಕೆಲಸ ಹೋದಂತೆಯೇ. ಕಂಪನಿ ಗಾಡಿಯಾದರೂ ಪಾಯಿಂಟ್ ಬೀಳೋದು ಓಡಿಸುವವರ ಮೇಲೆ. ಹಾಗಾಗಿ ಟೈರ್ ಸವೆದಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಸೂಪರ್‌ವೈಸರ್‌ಗೆ ಫೋಟೊ ಸಮೇತ ವಾಟ್ಸಾಪ್ ಮಾಡಿ.

ನೋಡೋದು ಸುಲಭ. ಟೈರಿನ ಪಕ್ಕದಲ್ಲಿ ಡಿಒಟಿ ಗುರುತಿನ ಕೊನೆಗೆ 2321 ಎಂದಿದ್ದರೆ, ಅದು 2021ರ 23ನೇ ವಾರದ್ದು. 5 ವರ್ಷ ದಾಟಿದ್ದು ಬೇಡ. ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಟೈರಿನಲ್ಲೂ ಮೊದಲು ಇದನ್ನೇ ನೋಡಿ. ಗಾಳಿ ಚೆಕ್ ಮಾಡೋದು ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ಹೇಳುತ್ತದೆ. ಬಿಸಿ ಟೈರಿನಿಂದ ಗಾಳಿ ಇಳಿಸಲೇಬೇಡಿ.

ಕಾರ್ ಲಿಫ್ಟ್‌ನಲ್ಲಿ ಹೋಗುವವರೂ ಹತ್ತುವ ಮುನ್ನ ಒಮ್ಮೆ ಬಗ್ಗಿ ನೋಡಿ. ಊರಲ್ಲಿ ಕಾಯುವವರಿದ್ದಾರೆ.